ಹುಬ್ಬಳ್ಳಿ ಅಕ್ಕ ಹೊಲಿದ ಎಂಜಿನ್

ಅಲ್ ಮನ್ಸೂರಾ ಮೆಟ್ರೊ ನಿಲ್ದಾಣದಲ್ಲಿ ಕಳೆದ ತಿಂಗಳು ಒಂದು ಎಸ್ಕಲೇಟರ್ ಕೆಟ್ಟು ನಿಂತಿತ್ತು. ಇಬ್ಬರು ಕೆಲಸಗಾರರು ಅದರ ಮೆಟ್ಟಿಲುಗಳನ್ನು ಬಿಚ್ಚಿ ಒಳಗಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ನಾನು ಪಕ್ಕದ ಮೆಟ್ಟಿಲಲ್ಲಿ ಇಳಿಯುವಾಗ ತೋಬ್ ಎಂಬ ಬಿಳಿ ನಿಲುವಂಗಿ ತೊಟ್ಟ ಹಿರಿಯರೊಬ್ಬರು ನನ್ನನ್ನು ದಾಟಿ ಹೋದರು. ಅವರ ಬಟ್ಟೆಯಿಂದ ಬಕೂರಿನ ವಾಸನೆ ಬಂತು. ಬಕೂರ್ ಎಂದರೆ ಇಲ್ಲಿನ ಮನೆಗಳಲ್ಲಿ ಕೆಂಡದ ಮೇಲೆ ಹಾಕುವ ಸುಗಂಧದ ಚಕ್ಕೆ, ನಮ್ಮ ಕಡೆಯ ಲೋಬಾನದ ಹಾಗೆ. ದೋಹಾದಲ್ಲಿ ದಿನವೂ ಮೂಗಿಗೆ ಬೀಳುವ ವಾಸನೆ ಅದು. ಅದರಿಂದ ನನಗೇನೂ ನೆನಪಾಗುವುದಿಲ್ಲ. ಆದರೆ ಯಂತ್ರದ ಎಣ್ಣೆ ಮತ್ತು ಬಕೂರು ಎರಡೂ ಒಂದೇ ಉಸಿರಿನಲ್ಲಿ ಒಳಗೆ ಹೋದಾಗ ನಾನು ಮೆಟ್ಟಿಲ ನಡುವೆ ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರಿಸಿದರು.

ಈ ಎರಡು ವಾಸನೆಗಳು ಒಟ್ಟಿಗೆ ಇದ್ದದ್ದು ನನ್ನ ಬದುಕಿನಲ್ಲಿ ಒಂದೇ ಕಡೆ... ಹುಬ್ಬಳ್ಳಿ ಅಕ್ಕನ ಎಂಜಿನ್ನಿನ ಹೊಟ್ಟೆಯೊಳಗೆ.

ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಅಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಎರಡು ಸಲ ಅಳೆಯದೆ ಯಾವುದನ್ನೂ ಬರೆಯಬಾರದು ಎಂಬ ಚಟವೊಂದೇ. ಈ ಸಂಗತಿಯನ್ನು ಎರಡನೇ ಸಲ ಅಳೆಯಲು ದಾರಿಯಿಲ್ಲ. ಆದ್ದರಿಂದ ಎಲ್ಲಿ ಸಂಶಯವಿದೆಯೋ ಅಲ್ಲಿ ಸಂಶಯ ಎಂದೇ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಲ್ಯಾಬಿನಲ್ಲಿ ಕಾಂಕ್ರೀಟ್ ಗಟ್ಟಿಗಳನ್ನು ಒಡೆದು ಅವುಗಳ ಬಲ ನೋಡುವ ಕೆಲಸದಲ್ಲಿದ್ದೆ. ವಾಸ ಅಲ್ ಮನ್ಸೂರಾದಲ್ಲಿ, ಪ್ಲೈವುಡ್ ಗೋಡೆ ಹಾಕಿ ಹಲವು ಸಂಸಾರಗಳಿಗೆ ಹಂಚಿದ ಹಳೆಯ ವಿಲ್ಲಾ ಒಂದರ ಮಹಡಿಯ ಕೋಣೆ. ಕೆಳಗಿನ ದೊಡ್ಡ ಕೋಣೆಯಲ್ಲಿ ಹುಬ್ಬಳ್ಳಿ ಅಕ್ಕ ಮತ್ತು ಅವರ ಗಂಡ ಇದ್ದರು. ಗಂಡ ಉಡುಪಿಯ ಕಡೆಯವರು, ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದರು, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಅಕ್ಕನೇ ಆಡುತ್ತಿದ್ದರು. ಅಕ್ಕ ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತಿದ್ದರು. ರವಿಕೆ, ಚೂಡಿದಾರ, ಕೆಲವೊಮ್ಮೆ ಇಲ್ಲಿನ ಹೆಂಗಸರು ಮೇಲೆ ತೊಡುವ ಕಪ್ಪು ಅಬಾಯಾಗಳಿಗೆ ಅಂಚು. ಸುತ್ತಲಿನ ಕರಾವಳಿಯ ಜನರ ನಡುವೆ ಅವರೊಬ್ಬರದೇ ಹುಬ್ಬಳ್ಳಿಯ ಮಾತು; ಹಾಗಾಗಿ ಆ ಹೆಸರು. ನಿಜದಲ್ಲಿ ಅವರ ತಂದೆಯೂ ಉಡುಪಿಯ ಕಡೆಯವರೇ. ಚಿಕ್ಕಂದಿನಲ್ಲೇ ಘಟ್ಟ ಹತ್ತಿ ಹುಬ್ಬಳ್ಳಿಯಲ್ಲಿ ರೈಲ್ವೆ ಸೇರಿ ಫೈರ್‌ಮನ್ ಆದವರು, ಉಗಿ ಎಂಜಿನ್ನಿನ ಒಲೆಗೆ ಕಲ್ಲಿದ್ದಿಲು ಹಾಕುವ ಕೆಲಸ. ಅಕ್ಕ ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ.

ಮದುವೆಯಾಗಿ ಗಂಡನ ಮನೆಗೆ ಹೋದಾಗ ಯಾರೋ ಹಿರಿಯರು ಊಟದ ಪಂಕ್ತಿಯಲ್ಲಿ ಕೇಳಿದರಂತೆ: "ಒಲೆಗೆ ಬೆಂಕಿ ಹಾಕ್ಲಿಕ್ಕೆ ನಿನ್ನ ಅಪ್ಪ ಅಷ್ಟು ದೂರ ಯಾಕೆ ಹೋದದ್ದು? ನಮ್ಮ ಹೋಟ್ಲಲ್ಲೇ ಒಲೆ ಇತ್ತಲ್ಲ." ಪಂಕ್ತಿಗೆ ಪಂಕ್ತಿಯೇ ನಕ್ಕಿತಂತೆ. ಇದನ್ನು ಅಕ್ಕ ನನಗೆ ಹೇಳಿದ್ದು ಒಂದೇ ಸಲ, ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ. ಆದರೆ ಆ ನಗು ಅವರ ಕಿವಿಯಿಂದ ಹೋಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಆ ವರ್ಷ ನಮ್ಮ ಕನ್ನಡಿಗರ ಕೂಟದಲ್ಲಿ ಎಲ್ಲರ ಬಾಯಲ್ಲೂ ರೈಲಿನ ಮಾತು. ಊರ ಕಡೆ ಕಡಲ ತೀರದ ಗುಡ್ಡಗಳನ್ನು ಕೊರೆದು ಹಳಿ ಹಾಕಿ ಮುಗಿಸುತ್ತಿದ್ದರು. ಇನ್ನು ಬೊಂಬಾಯಿಯಲ್ಲಿ ವಿಮಾನ ಇಳಿದವರು ಬಸ್ಸಿನಲ್ಲಿ ಬೆನ್ನು ಮುರಿದುಕೊಳ್ಳದೆ ರೈಲಿನಲ್ಲಿ ಮಲಗಿಕೊಂಡು ಉಡುಪಿ ಸೇರಬಹುದು. ಈ ಸಂತೋಷಕ್ಕೆ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಒಂದು ರೈಲು ಬರಬೇಕೆಂದು ಕೂಟ ತೀರ್ಮಾನಿಸಿತು. ಅಧ್ಯಕ್ಷರು ರಟ್ಟಿನಲ್ಲಿ ಒಂದು ಡೀಸೆಲ್ ಎಂಜಿನ್ ಮಾಡಿಸುವುದು ಎಂದರು. ಆಗ ಹಿಂದಿನ ಸಾಲಿನಿಂದ ಹುಬ್ಬಳ್ಳಿ ಅಕ್ಕ ಎದ್ದು ನಿಂತರು.

"ಡೀಸೆಲ್ ಎಂಜಿನ್ ಅಂದ್ರ ನಾಕು ಗಾಲಿ ಮ್ಯಾಲೆ ಇಟ್ಟ ಬೀರು ರೀ. ಅದನ್ನೇನು ನೋಡ್ತೀರಿ? ನಾ ಮಾಡಿಕೊಡ್ತೀನಿ, ಖರೇ ಎಂಜಿನ್. ಓ ಕ್ಲಾಸ್ ಪ್ಯಾಸೆಂಜರ್."

ಓ ಕ್ಲಾಸ್ ಎಂದರೇನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ವಿವರಿಸಿದರು. ಎಂಜಿನ್‌ಗಳಲ್ಲೂ ಜಾತಿ ಇರುತ್ತದೆ, ಇದು ಪ್ಯಾಸೆಂಜರ್ ಜಾತಿ. ಬ್ರಿಟಿಷರ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನದಲ್ಲಿ, ಸಣ್ಣ ಹಳಿಗೆಂದೇ ಮಾಡಿಸಿ ಹಡಗಿನಲ್ಲಿ ತಂದದ್ದು. ಒಂದೇ ನಕ್ಷೆಯಲ್ಲಿ ಮಾಡಿದ್ದರಿಂದ ಎಲ್ಲವೂ ಅಕ್ಕತಂಗಿಯರಂತೆ. ಮುಂದೆ ನಾಲ್ಕು ಪುಟ್ಟ ಗಾಲಿ, ಹಿಂದೆ ನಾಲ್ಕು ಎತ್ತರದ ಗಾಲಿ. ಗಾಲಿ ಎತ್ತರವಿದ್ದರೆ ಓಟ ಹೆಚ್ಚು. "ಅದಕ್ಕ ಗೂಡ್ಸ್ ಡಬ್ಬಿ ಕಟ್ಟಿದ್ರ ಅವಮಾನ. ಎಳ್ಯಾಕ ಮೊಂಡು ಬೀಳ್ತಿತ್ತು."

ನಾನು ಸುಮ್ಮನಿರಲಾರದೆ ಕೇಳಿದೆ: "ಹಿಂದಿನ ಶತಮಾನದ್ದು ಅಂದರೆ ನೀವು ಹುಟ್ಟುವ ಹೊತ್ತಿಗೆ ಗುಜರಿಗೆ ಹೋಗಿರಬೇಕಲ್ಲ ಅಕ್ಕ?"

"ಮುದುಕಿ ಆಗಿತ್ತು ಖರೆ. ಮುದುಕ್ಯಾರು ಕೆಲಸ ಮಾಡಂಗಿಲ್ಲೇನು? ಸಣ್ಣ ಲೈನಿಗೆ ಹಾಕಿದ್ರು. ನಮ್ಮಪ್ಪ ಅದರ ಮ್ಯಾಲೇ ಇದ್ದ."

"ಎತ್ತರದ ಗಾಲಿ ನಾಲ್ಕೇ ಇತ್ತು, ಆರಲ್ಲ ಅಂತ ಹೇಗೆ ಹೇಳುತ್ತೀರಿ? ನಿಮಗಾಗ ಆರೋ ಏಳೋ ವರ್ಷ."

ಅಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ರವಿಕೆಗೆ ಅಳತೆ ತೆಗೆಯುವಂತೆ ನೋಡಿದರು. "ಅಲ್ಲೋ ತಮ್ಮಾ, ನಿಮ್ಮ ಯುನಿವರ್ಸಿಟ್ಯಾಗ ಅಪ್ಪನ ಮಾರಿ ನೆನಪಿಟ್ಕೊಳ್ಳಾಕೂ ಸಾಕ್ಷಿ ಕೇಳ್ತಾರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಶಯ ಹೋಗಲಿಲ್ಲ. ಅಕ್ಕನ ಮಾತಿನಲ್ಲಿ ಉಪ್ಪುಖಾರ ಹೆಚ್ಚಿರುತ್ತಿದ್ದುದು ನಿಜ. ತಂದೆಯವರು ಒಲೆಯ ಸಲಿಕೆಯ ಮೇಲೆ ಮೊಟ್ಟೆ ಹುರಿದು ತಿನ್ನುತ್ತಿದ್ದರು ಎಂಬುದನ್ನು ನಂಬಬಹುದಿತ್ತು. ಆ ಎಂಜಿನ್ ಒಮ್ಮೆ ಬೆನ್ನಟ್ಟಿದ ಚಿರತೆಯನ್ನು ಹಿಂದೆ ಹಾಕಿತ್ತು ಎಂಬುದನ್ನು ನಂಬುವುದು ಕಷ್ಟವಾಗಿತ್ತು.

ಅಕ್ಕ ಎಂಜಿನ್ ಮಾಡಲು ಒಂದು ಷರತ್ತು ಹಾಕಿದರು. ಅದು ವೇದಿಕೆಗೆ ಬಂದಾಗ ಮೈಕಿನಲ್ಲಿ ಒಂದು ಮಾತು ಹೇಳಬೇಕು: ಈ ಎಂಜಿನ್ನಿಗೆ ಬೆಂಕಿ ಹಾಕುತ್ತಿದ್ದವರು ಇವರ ತಂದೆ, ನಮ್ಮ ಊರಿನವರು.

ಅಧ್ಯಕ್ಷರು ಕೆಟ್ಟವರಲ್ಲ. ಆದರೆ ಅಕ್ಕನ ಗಂಡನ ಊರಿನವರೇ, ಹೋಟೆಲ್ ಮನೆತನದವರು. ಅವರು ಮೀಸೆ ಸವರಿಕೊಂಡು ಹೇಳಿದರು: "ಫೈರ್‌ಮನ್ ಅಂದ್ರೆ ಇದ್ದಿಲು ಹಾಕುವವ ಅಲ್ವಾ? ಡ್ರೈವರ್ ಆದ್ರೆ ಹೌದು ಅನ್ನಬಹುದಿತ್ತು. ಅನೌನ್ಸ್ ಮಾಡುವಂಥದ್ದು ಎಂಥ ಉಂಟು ಇದರಲ್ಲಿ?"

ಅಕ್ಕನ ಮುಖ ಆಗ ಹೇಗಿತ್ತೋ... ನನಗೆ ನೆನಪಿರುವುದು ಮಾತು ಮಾತ್ರ. "ಅಧ್ಯಕ್ಷರ, ಬೆಂಕಿ ಇಲ್ಲದ ಎಂಜಿನ್ ಅಂದ್ರ ನಿಮ್ಮ ಭಾಷಣ ಇದ್ದಂಗ. ನೋಡಾಕ ಚಂದ, ಮುಂದ ಹೋಗಂಗಿಲ್ಲ."

"ಆಯ್ತು ಮಾರಾಯ್ತಿ, ನೋಡುವಾ," ಎಂದರು ಅಧ್ಯಕ್ಷರು. ಊರ ಕಡೆ 'ನೋಡುವಾ' ಎಂದರೆ ಏನರ್ಥ ಎಂಬುದು ಎಲ್ಲರಿಗೂ ಗೊತ್ತು. ಅಕ್ಕ ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡರು.

ಅಂದಿನಿಂದ ಶುಕ್ರವಾರಗಳೆಲ್ಲ ಎಂಜಿನ್ನಿನ ಪಾಲಾದವು. ಕಟ್ಟಡ ಕಟ್ಟುವ ಜಾಗಗಳಿಂದ ಕೇಬಲ್ ಸುತ್ತುವ ಮರದ ದೊಡ್ಡ ಉರುಳೆಗಳನ್ನು ನಾವು ಹುಡುಗರು ಬೇಡಿ ತಂದೆವು. ಅವು ಎತ್ತರದ ಗಾಲಿಗಳಾದವು. ಮುಂದಿನ ಪುಟ್ಟ ಗಾಲಿಗಳು ಯಾವುದೋ ಗೋದಾಮಿನ ಟ್ರಾಲಿಯವು. ಪ್ಲಾಸ್ಟಿಕ್ ಪೈಪುಗಳನ್ನು ಬಳೆಯಂತೆ ಬಗ್ಗಿಸಿ ಕಟ್ಟಿ ಬಾಯ್ಲರಿನ ಅಸ್ಥಿಪಂಜರ ನಿಲ್ಲಿಸಿದೆವು. ಅದರ ಮೇಲೆ ಚರ್ಮವಾಗಿ ಬಂದದ್ದು ಅಬಾಯಾ ಬಟ್ಟೆ.

ಆ ಬಟ್ಟೆ ಕೊಟ್ಟವರು ಸೂಕಿನಲ್ಲಿ, ಎಂದರೆ ಇಲ್ಲಿನ ಹಳೆಯ ಪೇಟೆಯಲ್ಲಿ, ಅಂಗಡಿಯಿಟ್ಟಿದ್ದ ಕಾಕ. ಕಾಸರಗೋಡಿನ ಹತ್ತಿರ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ಬ್ಯಾರಿ ಹಿರಿಯರು, ಎಲ್ಲರಿಗೂ ಕಾಕ. ಮಾರಾಟವಾಗದೆ ಉಳಿದಿದ್ದ ಕಪ್ಪು ಬಟ್ಟೆಯ ತಾನುಗಳನ್ನು ತಮ್ಮ ಪಿಕಪ್‌ನಲ್ಲಿ ಹಾಕಿಕೊಂಡು ಬಂದು ಇಳಿಸಿ, "ನನ್ನ ಆಯುಷ್ಯದಲ್ಲಿ ಎಷ್ಟೋ ಅಬಾಯಾಕ್ಕೆ ಬಟ್ಟೆ ಕೊಟ್ಟಿದ್ದೇನೆ ಅಕ್ಕಾ, ಇಷ್ಟು ದಪ್ಪದ ಹೆಂಗಸಿಗೆ ಕೊಟ್ಟದ್ದು ಇದೇ ಮೊದಲು," ಎಂದರು.

ಅಕ್ಕ ಎಂಜಿನ್ನಿಗೂ ದರ್ಜಿಯ ಲೆಕ್ಕದಲ್ಲೇ ಅಳತೆ ತೆಗೆದರು. ಎದೆ, ಸೊಂಟ, ಉದ್ದ. ಚಿಮಣಿಗೆ ತೋಳಿನ ಅಳತೆ. ಹಿತ್ತಾಳೆಯ ಪಟ್ಟಿಗಳಿಗೆ ಅಬಾಯಾದ ಜರಿ ಅಂಚು. ಕುತ್ತಿಗೆಗೆ ಟೇಪು ಹಾಕಿಕೊಂಡು ಅವರು ಬಾಯ್ಲರಿನ ಸುತ್ತ ಓಡಾಡುವಾಗ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಕೋಣೆಯ ತುಂಬ ಇರುತ್ತಿತ್ತು. ಉದ್ದಕ್ಕೂ ಒಂದು ಪಕ್ಕವನ್ನು ಮಾತ್ರ ಅವರು ಗಟ್ಟಿ ಹೊಲಿಯಲಿಲ್ಲ. ಕೈಯಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಬಿಟ್ಟರು. ಯಾಕೆಂದು ಕೇಳಿದರೆ, "ಮೊದಲ ಸಲಕ್ಕ ಸರಿ ಕುಂತ ಬಟ್ಟಿ ನಾ ಇನ್ನೂ ನೋಡಿಲ್ಲ," ಎಂದರು.

ಎಂಜಿನ್ ನೋಡಲು ಅಕ್ಕಪಕ್ಕದ ಮಕ್ಕಳು ಬರುತ್ತಿದ್ದರು. ಹೆಚ್ಚಿನವರು ಕತಾರಿನಲ್ಲೇ ಹುಟ್ಟಿದವರು. ಆಗ ಈ ದೇಶದಲ್ಲಿ ಹಳಿ ಎಂಬುದೇ ಇರಲಿಲ್ಲ. ರೈಲನ್ನು ಅವರು ಕಂಡಿದ್ದು ಟಿವಿಯಲ್ಲಿ. ಅಕ್ಕ ಅವರಿಗೆ ಕ್ವಾರ್ಟರ್ಸಿನ ಪದ್ಧತಿಯೊಂದನ್ನು ಕಲಿಸಿದರು. ಎಂಜಿನ್ ಹಾದುಹೋಗುವಾಗ ಚಪ್ಪಾಳೆ ತಟ್ಟಬಾರದು, ಕೂಗಬಾರದು. ಬಲಗೈ ಎತ್ತಿ ನಿಲ್ಲಬೇಕು.

"ಡ್ರೈವರ್‌ಗೆ ಸಲ್ಯೂಟಾ ಆಂಟಿ?" ಎಂದಿತು ಒಂದು ಮಗು.

"ಡ್ರೈವರ್ ಮುಂದ ನೋಡ್ತಿರ್ತಾನ. ಆಂವಗ ನಿನ್ನ ಕೈ ಎಲ್ಲಿ ಕಾಣ್ತದ? ನಿನ್ನ ಕೈ ನೋಡಾಂವ ಫೈರ್‌ಮನ್ನ. ನೋಡಿದ ಅಂದ್ರ ಸಲಿಕಿ ಎತ್ತಿ ತೋರಸ್ತಾನ."

ತಂದೆ ಡ್ರೈವರ್ ಆಗಬೇಕಿತ್ತಂತೆ. ವರ್ಷಗಟ್ಟಲೆ ಬೆಂಕಿ ನೋಡಿ ಕಣ್ಣು ಮಂಜಾಗಿ ಆ ಪರೀಕ್ಷೆಗೆ ಕೂರಲು ಆಗಲೇ ಇಲ್ಲ. ಕೊನೆಕೊನೆಗೆ ಕ್ವಾರ್ಟರ್ಸಿನ ಕಂಪೌಂಡಿನ ಬಳಿ ಮಗಳು ಎತ್ತಿದ ಕೈ ಅವರಿಗೆ ಕಾಣುತ್ತಿತ್ತೋ ಇಲ್ಲವೋ; ಆದರೆ ಆ ಜಾಗ ಬಂದಾಗ ಸಲಿಕೆ ಮಾತ್ರ ತಪ್ಪದೆ ಮೇಲೇಳುತ್ತಿತ್ತು.

ಹೊಗೆಯ ಪ್ರಶ್ನೆ ಬಂತು. ಹೊಗೆಯಿಲ್ಲದ ಎಂಜಿನ್ನನ್ನು ಅಕ್ಕ ಒಪ್ಪಲಿಲ್ಲ. ಕಾರ್ಯಕ್ರಮ ನಡೆಯುವ ಶಾಲೆಯ ಸಭಾಂಗಣದಲ್ಲಿ ಹೊಗೆ ಮಾಫಿ, ಎಂದರೆ ಬಿಲ್‌ಕುಲ್ ಇಲ್ಲ, ಎಂದರು ಅಧ್ಯಕ್ಷರು. ಬಗೆಹರಿಸಿದವರು ಕಾಕ. "ಬಕೂರ್ ಹಾಕುವಾ. ಚೀಫ್ ಗೆಸ್ಟ್ ಕತಾರಿ ಅಲ್ವಾ? ಕತಾರಿನಲ್ಲಿ ಬಕೂರ್ ಬೇಡ ಅಂತ ಯಾರು ಹೇಳ್ತಾರೆ ಮಾರಾಯ್ರೆ? ಅವರ ಮನೆಗೆ ಹೋದ್ರೆ ಅವರೇ ನಮ್ಮ ಮೂಗಿಗೆ ಹಿಡೀತಾರೆ. ಇದು ಹೊಗೆ ಅಲ್ಲ, ಮರ್ಯಾದೆ." ಕಾಕ ಕೆಂಡ ಇಡುವ ಧೂಪದ ಪಾತ್ರೆಗಳನ್ನು ತಂದು ಚಿಮಣಿಯ ಕೆಳಗೆ ಸಾಲಾಗಿ ಜೋಡಿಸಿದರು.

ಕಾರ್ಯಕ್ರಮದ ದಿನ ಬೆಳಿಗ್ಗೆ ಎಂಜಿನ್ನನ್ನು ಹೊರಗೆ ನೂಕಿದಾಗ ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ವೇದಿಕೆಯ ಅಗಲ ಅಳೆದಿದ್ದೆವು, ಪಿಕಪ್ಪಿನ ಉದ್ದ ಅಳೆದಿದ್ದೆವು. ದಿನಾ ನಾವೇ ಓಡಾಡುತ್ತಿದ್ದ ಬಾಗಿಲನ್ನು ಅಳೆಯಬೇಕೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಎಲ್ಲರೂ ಪ್ಲೈವುಡ್ ಗೋಡೆಯನ್ನೇ ನೋಡತೊಡಗಿದರು. ಅದನ್ನು ಮುಟ್ಟಿದರೆ ಮನೆ ಮಾಲೀಕ ಸುಮ್ಮನಿರುವವನಲ್ಲ. "ಖಲಾಸ್," ಎಂದರು ಅಧ್ಯಕ್ಷರು. "ಒಂದು ಬ್ಯಾನರ್ ಕಟ್ಟಿ ಮುಗಿಸುವಾ."

ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ತೆಗೆದರು. "ಹೊಲದಿದ್ದನ್ನ ಬಿಚ್ಚಾಕ ಬರತೈತಿ, ಅಧ್ಯಕ್ಷರ. ಕಬ್ಬಿಣದ್ದಾಗಿದ್ರ ಅಳಬೇಕಿತ್ತು." ಕಚ್ಚಾ ಹೊಲಿಗೆಯ ಒಂದು ತುದಿಯನ್ನು ಹಿಡಿದು ಎಳೆದರು. ದಾರ ಸರ್ರನೆ ಬಂತು, ಬಾಯ್ಲರ್ ಬಾಯಿ ತೆರೆಯಿತು. ಬಳೆಗಳನ್ನು ಒಂದೊಂದಾಗಿ ಹೊರಗೆ ತೆಗೆದೆವು, ಬಟ್ಟೆಯನ್ನು ಮಡಚಿ ಪಿಕಪ್ಪಿಗೆ ಹಾಕಿದೆವು. ಸಭಾಂಗಣದ ಹಿಂಭಾಗದಲ್ಲಿ ಮಧ್ಯಾಹ್ನವೆಲ್ಲ ಕೂತು ಅಕ್ಕ ಅದನ್ನು ಮತ್ತೆ ಹೊಲಿದರು. ಈ ಸಲವೂ ಆ ಪಕ್ಕಕ್ಕೆ ಕಚ್ಚಾ ಹೊಲಿಗೆಯೇ.

ಎಂಜಿನ್ನಿನ ಹಿಂದೆ, ಅದೇ ಕಪ್ಪು ಬಟ್ಟೆ ಹೊದಿಸಿದ ಇದ್ದಿಲು ಡಬ್ಬಿಯೊಳಗೆ, ನಾವು ನಾಲ್ವರು ನೂಕಲು ನಿಂತೆವು. ನಮ್ಮ ಮುಂದೆ, ಒಲೆಯ ಜಾಗದಲ್ಲಿ, ಅಕ್ಕ ಕೂತಿದ್ದರು. ಸೀರೆ ಎತ್ತಿ ಕಟ್ಟಿ, ತಲೆಗೊಂದು ಬಟ್ಟೆ ಸುತ್ತಿ, ಕೈಯಲ್ಲಿ ಮರಳೆತ್ತುವ ಸಣ್ಣ ಸಲಿಕೆ ಹಿಡಿದಿದ್ದರು. ಪರದೆ ಸರಿಯಿತು. ಅಕ್ಕ ಕೆಂಡದ ಮೇಲೆ ಬಕೂರ್ ಸುರಿದರು, ಚಿಮಣಿಯಿಂದ ಬಿಳಿ ಹೊಗೆ ಎದ್ದಿತು, ಒಳಗೆ ಅದು ಬಟ್ಟೆಗೆ ಅಂಟಿದ್ದ ಹೊಲಿಗೆ ಯಂತ್ರದ ಎಣ್ಣೆಯ ವಾಸನೆಯೊಂದಿಗೆ ಬೆರೆಯಿತು. ಯಾರೋ ಸೀಟಿ ಊದಿದರು. ನಾವು ನೂಕಿದೆವು. ಎತ್ತರದ ಗಾಲಿಗಳು ಉರುಳಿದವು. ಒಳಗಿದ್ದ ನನಗೆ ಸಭೆ ಕಾಣುತ್ತಿರಲಿಲ್ಲ. ಎದುರಿನ ಜನರ ಬಾಯಿಂದ ಒಟ್ಟಾಗಿ ಬಂದ ಒಂದು ಉಸಿರು ಕೇಳಿಸಿತು. ಕಾಂಕ್ರೀಟ್ ಒಡೆಯುವ ಕೆಲಸದಲ್ಲಿ ಅಂಥ ಸದ್ದು ಕೇಳಲು ಸಿಗುವುದಿಲ್ಲ.

ವೇದಿಕೆಯ ನಡುವೆ ನಿಂತೆವು. ಅಧ್ಯಕ್ಷರು ಮೈಕಿನ ಮುಂದೆ ಹೊಸ ಹಳಿಯ ಬಗ್ಗೆ ಹೇಳಿದರು, ಸುರಂಗಗಳ ಬಗ್ಗೆ ಹೇಳಿದರು, ಊಟ ಕೊಟ್ಟವರನ್ನು, ಕುರ್ಚಿ ಕೊಟ್ಟವರನ್ನು ನೆನೆದರು. ಅಕ್ಕನ ಬೆನ್ನು ನೋಡುತ್ತ ನಾನು ಕಾಯುತ್ತಿದ್ದೆ. "ಈಗ ಮುಂದಿನ ಕಾರ್ಯಕ್ರಮ," ಎಂದರು ಅಧ್ಯಕ್ಷರು. ಮರೆತರೋ, ಬಿಟ್ಟರೋ... ಇವತ್ತಿಗೂ ನನಗೆ ಗೊತ್ತಿಲ್ಲ.

ಅಕ್ಕ ಕೈ ಚಾಚಿ ಆ ಕಚ್ಚಾ ಹೊಲಿಗೆಯ ದಾರವನ್ನು ಹಿಡಿದು ಎಳೆದರು. ಎಂಜಿನ್ನಿನ ಪಕ್ಕ ಬಿಚ್ಚಿಕೊಂಡಿತು, ಒಲೆಯೊಳಗಿದ್ದ ಹೆಂಗಸು ಇಡೀ ಸಭೆಗೆ ಕಂಡರು. ಹೊಗೆಗೆ ಕಣ್ಣು ಕೆಂಪಾಗಿತ್ತು. ಎದ್ದು ನಿಂತು, ಮೈಕಿಲ್ಲದೆ, ರೈಲ್ವೆ ಕ್ವಾರ್ಟರ್ಸಿನ ಗಂಟಲಿನಲ್ಲಿ ಹೇಳಿದರು:

"ಇದು ಓ ಕ್ಲಾಸ್ ಪ್ಯಾಸೆಂಜರ್ ಎಂಜಿನ್. ಇದರ ಬೆಂಕಿ ನೋಡ್ಕೋತಿದ್ದಾಂವ ನಮ್ಮಪ್ಪ."

ಬಿಚ್ಚಿದ ಹೊಲಿಗೆಯ ಸಂದಿನಲ್ಲಿ ನನಗೆ ಮೊದಲ ಸಾಲಿನ ಒಂದು ತುಂಡು ಕಾಣುತ್ತಿತ್ತು. ಅಲ್ಲಿ ಕಾಕ ನಿಧಾನವಾಗಿ ಎದ್ದು ಬಲಗೈ ಎತ್ತಿದರು. ಅವರ ಹಿಂದೆ ಮಕ್ಕಳ ಕೈಗಳು. ಆಮೇಲೆ ದೊಡ್ಡವರ ಕೈಗಳು, ಸಾಲಿನಿಂದ ಸಾಲಿಗೆ... ಚಪ್ಪಾಳೆಯಿಲ್ಲ, ಕೂಗಿಲ್ಲ. ಅಕ್ಕ ಸಲಿಕೆಯನ್ನು ತಲೆಗಿಂತ ಮೇಲೆ ಎತ್ತಿ ತೋರಿಸಿದರು.

ಇಡೀ ಸಭೆಯೇ ಕೈ ಎತ್ತಿತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಆಮೇಲೆ ಸಂಶಯ ಶುರುವಾಯಿತು. ನನಗೆ ಕಂಡದ್ದು ಬಟ್ಟೆಯ ಒಂದು ಸಂದಿನಷ್ಟು. ಕಾರ್ಯಕ್ರಮದ ವಿಡಿಯೊ ಕ್ಯಾಸೆಟ್ ಸಿಕ್ಕಾಗ ಅದನ್ನೇ ಹುಡುಕಿದೆ. ಆ ಹೊತ್ತಿನಲ್ಲಿ ಕ್ಯಾಮೆರಾದವನು ಮುಖ್ಯ ಅತಿಥಿಯ ಮುಖವನ್ನೇ ಹಿಡಿದಿದ್ದ. ಆ ಕತಾರಿ ಹಿರಿಯರು ಕೈ ಎತ್ತಿದ್ದು ಕಾಣುತ್ತದೆ. ಅದು ಎಂಜಿನ್ನಿಗೋ, ಇಲ್ಲಿನವರ ರೂಢಿಯಂತೆ ಬಕೂರಿನ ಹೊಗೆಯನ್ನು ಗಡ್ಡದ ಕಡೆಗೆ ಎಳೆದುಕೊಳ್ಳುವುದಕ್ಕೋ, ಹೇಳಲಾರೆ. ಗಾಲಿಯ ವಿಷಯವನ್ನೂ ಪುಸ್ತಕಗಳಲ್ಲಿ ಹುಡುಕಿದೆ. ಓ ಕ್ಲಾಸ್ ಎಂಬ ಪ್ಯಾಸೆಂಜರ್ ಎಂಜಿನ್ ಇದ್ದದ್ದು ನಿಜ, ಮುಂದೆ ನಾಲ್ಕು ಪುಟ್ಟವು, ಹಿಂದೆ ನಾಲ್ಕು ಎತ್ತರದವು. ಅದು ಅಕ್ಕನ ತಂದೆಯ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಇತ್ತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಸಿಗಲಿಲ್ಲ. ಚಿರತೆಯದಂತೂ ಇಲ್ಲ.

ಒಂದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಆ ಕತ್ತಲ ಡಬ್ಬಿಯೊಳಗೆ, ಯಾರಿಗೂ ಕಾಣದ ಕಡೆ, ನನ್ನ ಬಲಗೈ ಮೇಲೆದ್ದಿತ್ತು. ನನ್ನ ಪಕ್ಕದ ಮೂವರದೂ. ಬಟ್ಟೆಯ ಚಾವಣಿಗೆ ನಮ್ಮ ಬೆರಳು ತಾಗುತ್ತಿತ್ತು.

ಮುಂದಿನ ವಾರ ಅಧ್ಯಕ್ಷರು ಮನೆಗೆ ಬಂದು ಅಕ್ಕನ ಕೈಯ ಚಹಾ ಕುಡಿದು ಹೋದರು. ಏನು ಮಾತಾಡಿದರೋ ಕೇಳಿಸಲಿಲ್ಲ. ಅಂದಿನಿಂದ ಊರಿನವರು ಯಾರು ಬಂದರೂ ಅವರೇ ಅಕ್ಕನನ್ನು "ಇವರ ಅಪ್ಪ ರೈಲ್ವೆಯಲ್ಲಿದ್ದವರು, ಪ್ಯಾಸೆಂಜರ್ ಎಂಜಿನ್ನಿನ ಫೈರ್‌ಮನ್," ಎಂದು ಪರಿಚಯಿಸುತ್ತಿದ್ದರು, ಏನೋ ತಮ್ಮ ಸ್ವಂತ ಆಸ್ತಿಯನ್ನು ತೋರಿಸುವಂತೆ. ಎಂಜಿನ್ನನ್ನು ಇಡಲು ಯಾರಲ್ಲೂ ಜಾಗವಿರಲಿಲ್ಲ. ಅಕ್ಕ ಅದನ್ನು ಪೂರ್ತಿ ಬಿಚ್ಚಿ ಮಕ್ಕಳಿಗೆಲ್ಲ ಊಟದ ಡಬ್ಬಿಯ ಚೀಲ ಹೊಲಿದುಕೊಟ್ಟರು. ಬಹಳ ದಿನ ಮನ್ಸೂರಾದ ಮಕ್ಕಳು ಜರಿ ಅಂಚಿನ ಕಪ್ಪು ಚೀಲ ಹಿಡಿದು ಶಾಲೆಯ ಬಸ್ಸಿಗೆ ಕಾಯುತ್ತಿದ್ದರು. ಒಂದು ಬಾಯ್ಲರ್ ಅಷ್ಟು ಮಂದಿಯ ಅನ್ನ ಬೆಚ್ಚಗಿಟ್ಟಿತು.

ಗಂಡನ ಕೆಲಸ ಮುಗಿದಾಗ ಅವರಿಬ್ಬರೂ ಊರಿಗೆ ಹೊರಟರು. ಬೊಂಬಾಯಿಯಿಂದ ಹೊಸ ಹಳಿಯ ಮೇಲೇ ಹೋದರಂತೆ. ಅಕ್ಕ ದಾರಿಯುದ್ದಕ್ಕೂ ಆ ಬೀರುವಿನಂಥ ಎಂಜಿನ್ನನ್ನು ಬೈಯುತ್ತಿದ್ದರೆಂದು ಅವರ ಗಂಡ ಫೋನಿನಲ್ಲಿ ಹೇಳಿದ್ದರು. ಆಮೇಲೆ ಫೋನುಗಳು ಕಡಿಮೆಯಾದವು. ಅಕ್ಕ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ಕಾಕ. ಈಗ ಕಾಕನೂ ಇಲ್ಲ.

ಆ ದಿನ ಮೆಟ್ಟಿಲು ಇಳಿದು ಪ್ಲಾಟ್‌ಫಾರ್ಮಿಗೆ ಬಂದೆ. ಈ ಊರಿನ ಮೆಟ್ರೊಗೆ ಚಾಲಕನಿಲ್ಲ. ಅದು ತಾನೇ ಬಂದು ತಾನೇ ನಿಲ್ಲುತ್ತದೆ. ಸುರಂಗದ ಕತ್ತಲೆಯಿಂದ ದೀಪಗಳು ಹತ್ತಿರವಾಗುವುದು ಪ್ಲಾಟ್‌ಫಾರ್ಮಿನ ಗಾಜಿನ ಗೋಡೆಯ ಆಚೆ ಕಂಡಿತು. ನಾನು ಬಲಗೈ ಎತ್ತಿದೆ. ಪಕ್ಕದಲ್ಲಿದ್ದ ಫಿಲಿಪಿನೊ ಹುಡುಗಿ ನಾನು ಯಾರನ್ನು ಕರೆಯುತ್ತಿದ್ದೇನೆಂದು ತಿರುಗಿ ನೋಡಿದಳು. ಮುಂದೆ ನೋಡುವವನೂ ಒಳಗಿಲ್ಲ, ಕೈ ನೋಡುವವನೂ ಇಲ್ಲ. ಹೊಳೆಯುವ ಖಾಲಿ ಮುಖವೊಂದು ಸದ್ದಿಲ್ಲದೆ ಹಾದುಹೋಯಿತು. ಬಾಗಿಲು ತೆರೆಯುವವರೆಗೂ ನಾನು ಕೈ ಇಳಿಸಲಿಲ್ಲ.